ದಿನಬಳಕೆಯ ಮಾತು ಮತ್ತು ಆಂಗ್ಲ ಸಂಭಾಷಣ ಪರೀಕ್ಷೆ

ಕನ್ನಡ ಪಂಡಿತನಾದವನು ಆಂಗ್ಲ ಪರೀಕ್ಷೆಯೊಂದನ್ನು ಕುರಿತು ಲೇಖನಿ ಹಿಡಿದಿರುವುದನ್ನು ಕಂಡು ಈ ಸಂಚಿಕೆಯ ವಾಚಕರಲ್ಲಿ ಕೆಲವರಾದರೂ ಹುಬ್ಬೇರಿಸಬಹುದು. ಇವರಿಗೇಕೆ ಇಲ್ಲದ ಉಸಾಬರಿ ಎನ್ನಲೂಬಹುದು. ಈ ಉಸಾಬರಿ ನಾನಾಗಿ ಹೊತ್ತುಕೊಂಡುದಲ್ಲ. ನಮ್ಮ ಶಾಲೆಯಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಮುಂದೆ ನರ್ಸಿಂಗ್ ಪದವಿ ಪಡೆದ ಹಳೆಯ ವಿದ್ಯಾರ್ಥಿನಿಯೊಬ್ಬಳು ಕೆಲವು ವರ್ಷಗಳ ಹಿಂದೆ ಒಂದು ಭಾನುವಾರ ಮನೆಗೆ ಬಂದು ನನ್ನ ಮುಂದಿಟ್ಟ ಸಂಕಟದಿಂದ ಇದು ಆರಂಭವಾಯಿತು. ಬ್ರಿಟನ್ನಿನ ಆಸ್ಪತ್ರೆಯಲ್ಲಿ ಸೇವೆ ಸಲ್ಲಿಸಬೇಕೆಂಬುದು ಆಕೆಯ ಅಪೇಕ್ಷೆ. ಅಲ್ಲಿಯ ನರ್ಸಿಂಗ್ ಮಂಡಳಿಯಲ್ಲಿ ಹೆಸರು ನೋಂದಾಯಿಸುವುದಕ್ಕೆ ಒಪ್ಪಿತವಾದ ಭಾಷಾ ಪರೀಕ್ಷೆಗಳಲ್ಲಿ ಐ.ಇ.ಎಲ್.ಟಿ.ಎಸ್. ಎಂಬುದು ಒಂದು. ಅದರ ಮಾತುಗಾರಿಕೆಯ ಅಂಗದಲ್ಲಿ 9ಕ್ಕೆ 7 ಅಂಕ ಬೇಕು. ಆಕೆಗೆ ಬಂದುದು 6. ಪರೀಕ್ಷೆಯ ಶುಲ್ಕವೇ ಹದಿನೈದು ಸಾವಿರ ರೂಪಾಯಿಗೂ ಮಿಗಿಲು. ಅದು ತಂದೆಯವರು ಒಕ್ಕಲುತನದಲ್ಲಿ ಉಳಿಸಿದ ಹಣ. “ಗುರುಗಳೇ, ಅವರು ಕೇಳಿದ್ದೆಲ್ಲ ಮನೆಯ ಮಾತು. ಅದನ್ನೇ ಹೇಳಲಾಗಲಿಲ್ಲ” ಎಂದು ಆಕೆ ಕಣ್ಣೀರಿಟ್ಟಳು. ಈ ಒಂದು ಮಾತು ನನ್ನನ್ನು ವಿಚಾರಕ್ಕೆ ಹಚ್ಚಿತು.

ಪರೀಕ್ಷೆಯ ಸ್ವರೂಪ

1989ರಲ್ಲಿ ಆರಂಭವಾದ ಈ ಪರೀಕ್ಷೆಯಲ್ಲಿ ಆಲಿಸುವುದು, ಓದುವುದು, ಬರೆಯುವುದು, ಮಾತನಾಡುವುದು ಎಂಬ ನಾಲ್ಕು ಅಂಗಗಳಿವೆ. ಮಾತಿನ ಅಂಗವು ಕೇವಲ 11ರಿಂದ 14 ನಿಮಿಷಗಳದು. ಇದರಲ್ಲಿ ಮೂರು ಭಾಗಗಳು. ಮೊದಲನೆಯದರಲ್ಲಿ ಪರೀಕ್ಷಕರು ನಾಲ್ಕೈದು ನಿಮಿಷ ಮನೆ, ಊರು, ಕುಟುಂಬ, ಓದು, ಉದ್ಯೋಗ, ಹವ್ಯಾಸ ಮುಂತಾದ ನಿತ್ಯದ ಸಂಗತಿಗಳನ್ನು ಕೇಳುತ್ತಾರೆ. ಎರಡನೆಯದರಲ್ಲಿ ವಿಷಯವನ್ನು ಬರೆದ ಒಂದು ಚೀಟಿಯನ್ನು ಕೊಡುತ್ತಾರೆ. ಒಂದು ನಿಮಿಷ ಯೋಚಿಸಿ, ಬೇಕಾದರೆ ಕಾಗದದ ಮೇಲೆ ಗುರುತು ಹಾಕಿಕೊಂಡು, ಒಂದರಿಂದ ಎರಡು ನಿಮಿಷ ಒಬ್ಬರೇ ಮಾತನಾಡಬೇಕು. ಮೂರನೆಯದರಲ್ಲಿ ಅದೇ ವಿಷಯವನ್ನು ವಿಸ್ತರಿಸಿ ನಾಲ್ಕೈದು ನಿಮಿಷ ಚರ್ಚೆ. ಹಬ್ಬದ ವರ್ಣನೆಯಿಂದ ಮೊದಲಾದುದು ಹಬ್ಬಗಳು ಏಕೆ ಬದಲಾಗುತ್ತಿವೆ ಎಂಬ ವಿಚಾರಕ್ಕೆ ಸಾಗಬಹುದು.

ಅಂಕಗಳನ್ನು ನಾಲ್ಕು ಅಳತೆಗೋಲುಗಳಿಂದ ನಿರ್ಣಯಿಸುತ್ತಾರೆ: ಮಾತಿನ ಓಘ ಮತ್ತು ಸುಸಂಬದ್ಧತೆ, ಶಬ್ದಸಂಪತ್ತು, ವ್ಯಾಕರಣದ ವೈವಿಧ್ಯ ಮತ್ತು ಶುದ್ಧಿ, ಉಚ್ಚಾರಣೆ. ನಾಲ್ಕಕ್ಕೂ ಸಮಾನ ಬೆಲೆ. ಹೇಳಿದ ಅಭಿಪ್ರಾಯ ಸರಿಯೋ ತಪ್ಪೋ ಎಂಬುದಕ್ಕೆ ಅಂಕವಿಲ್ಲ. ಇಂಗ್ಲೆಂಡಿನವರಂತೆ ರಾಗವೆಳೆದು ಮಾತನಾಡಬೇಕೆಂಬ ನಿಯಮವೂ ಇಲ್ಲ. ಕೇಳುವವರಿಗೆ ಸ್ಪಷ್ಟವಾಗಿ ತಿಳಿಯಬೇಕು, ಅಷ್ಟೆ.

ಬಾಯಿಪಾಠದ ಸೋಲು

ಆಕೆ ತಯಾರಿಯ ತರಗತಿಯೊಂದಕ್ಕೆ ಹೋಗಿದ್ದಳು. ಅಲ್ಲಿ ಪ್ರಶ್ನೆಗಳೊಡನೆ ಉತ್ತರಗಳನ್ನೂ ಅಚ್ಚುಹಾಕಿ ಕೊಟ್ಟಿದ್ದರು. ಆ ಹಾಳೆಗಳಂತೆ ಆಕೆಯ ಹವ್ಯಾಸ ಈಜು. ಮೆಚ್ಚಿನ ತಿನಿಸು ಪಿಜ್ಜಾ. ರಜೆ ಕಳೆಯುವುದು ಸಮುದ್ರತೀರದಲ್ಲಿ. ಪರೀಕ್ಷಕರು ಹವ್ಯಾಸವನ್ನು ಕೇಳಿದರು. ಈಕೆ ತಡೆಯಿಲ್ಲದೆ ಒಪ್ಪಿಸಿದಳು. “ಎಲ್ಲಿ ಈಜುತ್ತೀರಿ? ಯಾರು ಕಲಿಸಿದರು?” ಎಂದು ಅವರು ಸಹಜವಾಗಿ ಮುಂದುವರಿದರು. ಆಕೆಯ ಊರಿನಲ್ಲಿರುವುದು ಒಂದು ಬಾವಿ. ಅದರಲ್ಲಿ ಹೆಣ್ಣುಮಕ್ಕಳು ಇಳಿದುದೇ ಇಲ್ಲ. ಮಾತು ಅಲ್ಲಿಗೇ ನಿಂತಿತು. ನಿಂತ ಮಾತು ಮುಂದಿನ ಪ್ರಶ್ನೆಗಳಿಗೂ ಏಳಲಿಲ್ಲ.

ಸುಳ್ಳು ಹೇಳಿದುದಕ್ಕಾಗಿ ಈ ಪರೀಕ್ಷೆಯಲ್ಲಿ ಅಂಕ ಕಳೆಯುವುದಿಲ್ಲವೆಂಬುದು ನಿಜ. ಆದರೆ ಕಾಣದ ಕೊಳಕ್ಕೆ ಮೆಟ್ಟಿಲೆಷ್ಟು ಎಂದರೆ ಯಾರು ತಾನೆ ಹೇಳಿಯಾರು? ಕಂಠಪಾಠದ ಉತ್ತರವನ್ನು ಗುರುತಿಸುವ ತರಬೇತಿ ಪರೀಕ್ಷಕರಿಗೆ ಇರುತ್ತದೆ. ಅಂಥ ಉತ್ತರ ಬಂದಾಗ ಅವರು ಪ್ರಶ್ನೆಯ ದಿಕ್ಕನ್ನೇ ಬದಲಿಸುತ್ತಾರೆ.

ನಾನು ಆಕೆಗೆ, “ಆಂಗ್ಲ ಇರಲಿ ತಾಯಿ, ಇಂದು ಬೆಳಗಿನಿಂದ ಏನೇನು ಮಾಡಿದೆ ಎಂಬುದನ್ನು ಎರಡು ನಿಮಿಷ ಕನ್ನಡದಲ್ಲಿ ಹೇಳು” ಎಂದೆ. ಎದ್ದೆ, ಸ್ನಾನ ಮಾಡಿದೆ, ಬಸ್ಸು ಹತ್ತಿ ಬಂದೆ ಎಂದು ಮೂರು ವಾಕ್ಯ ಹೇಳಿ ಸುಮ್ಮನಾದಳು. ಎಸ್.ಎಸ್.ಎಲ್.ಸಿ. ಪರೀಕ್ಷೆಯ ಪ್ರಥಮ ಭಾಷೆ ಕನ್ನಡದಲ್ಲಿ 125ಕ್ಕೆ 118 ಅಂಕ ಗಳಿಸಿದವಳು ಈಕೆ. ಸಂಧಿ, ಸಮಾಸ, ಛಂದಸ್ಸು, ಅಲಂಕಾರಗಳನ್ನು ನನ್ನಿಂದಲೇ ಕಲಿತವಳು. ಆದರೆ ಎದ್ದು ನಿಂತು ನಿನ್ನ ಮನೆಯ ವಿಷಯ ಹೇಳೆಂದು ಮೂರು ವರ್ಷಗಳಲ್ಲಿ ಒಮ್ಮೆಯೂ ನಾನು ಆಕೆಯನ್ನು ಕೇಳಿರಲಿಲ್ಲ. ದೋಷವನ್ನು ಆಂಗ್ಲ ಅಧ್ಯಾಪಕರ ಮೇಲೆ ಹಾಕಿ ಕೈತೊಳೆದುಕೊಳ್ಳುವಂತಿರಲಿಲ್ಲ. ಅದರಲ್ಲಿ ದೊಡ್ಡ ಪಾಲು ನನ್ನದೇ ಆಗಿದ್ದಿತು.

ಕಾರಕಗಳ ನೆರವು

ಅಂದಿನಿಂದ ಪ್ರತಿ ಭಾನುವಾರ ಆಕೆ ಬರತೊಡಗಿದಳು. ಚೀಟಿಯ ವಿಷಯವನ್ನು ಎರಡು ನಿಮಿಷ ಬೆಳೆಸುವ ಉಪಾಯವನ್ನು ಹೊಸದಾಗಿ ಹುಡುಕಬೇಕಾಗಲಿಲ್ಲ. ಹದಿಮೂರನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಓದಿದವರಿಗೆ ವಿಭಕ್ತಿಗಳೂ ಕಾರಕಗಳೂ ಪರಿಚಿತವೇ. ಒಂದು ಕ್ರಿಯೆಯ ಸುತ್ತ ಮಾಡಿದವರು ಯಾರು, ಮಾಡಿದುದು ಏನು, ಯಾವುದರಿಂದ ಮಾಡಿದರು, ಯಾರಿಗಾಗಿ, ಎಲ್ಲಿಂದ, ಎಲ್ಲಿ ಎಂಬ ಆರು ಪ್ರಶ್ನೆಗಳು ನಿಲ್ಲುತ್ತವೆ. ಕರ್ತೃ, ಕರ್ಮ, ಕರಣ, ಸಂಪ್ರದಾನ, ಅಪಾದಾನ, ಅಧಿಕರಣಗಳೆಂದರೆ ಇವೇ. ಇವುಗಳಿಗೆ ‘ಏಕೆ’ ಎಂಬ ಒಂದನ್ನು ಸೇರಿಸಿಕೊಂಡರೆ ಮಾತಿಗೆ ಬರವಿಲ್ಲ.

‘ನಿಮಗೆ ನೆನಪಿನಲ್ಲಿ ಉಳಿದ ಒಂದು ಊಟ’ ಎಂಬ ವಿಷಯ ಬಂದಿತೆನ್ನಿ. ಅಡಿಗೆ ಮಾಡಿದವರು ಅಜ್ಜಿ. ಮಾಡಿದುದು ಜೋಳದ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಚಟ್ನಿ. ಮಾಡಿದುದು ಸೌದೆಯ ಒಲೆಯ ಮೇಲೆ, ಕೈಯಿಂದಲೇ ತಟ್ಟಿ. ಯಾರಿಗಾಗಿ? ಜೋಳ ಕೊಯ್ಯಲು ಬಂದ ಆಳುಗಳಿಗೆ. ಸೊಪ್ಪು ಬಂದುದು ಹೊಲದ ಬದುವಿನಿಂದ. ಊಟ ನಡೆದುದು ಬೇವಿನ ಮರದ ನೆರಳಿನಲ್ಲಿ. ನೆನಪಿನಲ್ಲಿ ಉಳಿದುದು ಏಕೆ? ಅದು ಅಜ್ಜಿ ಹೊಲಕ್ಕೆ ಬಂದ ಕಡೆಯ ವರ್ಷ. ಇದನ್ನು ಹೇಳುವಾಗ ಆಕೆ ಗಡಿಯಾರವನ್ನು ಮರೆತಳು. ಮೊದಲು ಕನ್ನಡದಲ್ಲಿ ಹೇಳಿ, ಒಂದು ನಿಮಿಷದಲ್ಲಿ ಆರೇಳು ಗುರುತಿನ ಪದಗಳನ್ನು ಬರೆದುಕೊಂಡು, ಬಳಿಕ ಆಂಗ್ಲದಲ್ಲಿ ಹೇಳುವುದು ನಮ್ಮ ಕ್ರಮವಾಯಿತು. ರೊಟ್ಟಿಗೆ ಆಂಗ್ಲ ಹೆಸರಿಲ್ಲವೆಂದು ಆಕೆ ಮೊದಲು ಅಳುಕಿದಳು. ರೊಟ್ಟಿಯನ್ನು ರೊಟ್ಟಿಯೆಂದೇ ಕರೆದು, ಅದು ಜೋಳದ ಹಿಟ್ಟಿನಿಂದ ತಟ್ಟಿ ಬೇಯಿಸಿದುದೆಂದು ವಿವರಿಸಿದರೆ ಶಬ್ದಸಂಪತ್ತಿಗೆ ಕುಂದಿಲ್ಲ; ತಿಳಿಯದ ವಸ್ತುವನ್ನು ತಿಳಿದ ಮಾತಿನಿಂದ ವಿವರಿಸುವ ಶಕ್ತಿಯೂ ಅಲ್ಲಿ ಮನ್ನಣೆ ಪಡೆಯುತ್ತದೆ.

ಕನ್ನಡದ ನೆರಳು

ಆಂಗ್ಲ ವ್ಯಾಕರಣಕ್ಕಾಗಿ ನಮ್ಮ ಆಂಗ್ಲ ಅಧ್ಯಾಪಕರ ನೆರವು ಪಡೆದೆನು. ತಪ್ಪುಗಳನ್ನು ಅವರು ತೋರಿಸಿದರು. ಅವುಗಳ ಬೇರು ಎಲ್ಲಿದೆಯೆಂದು ಹೇಳುವುದು ನನ್ನ ಪಾಲಿಗೆ ಬಂದಿತು. ಬಹುಮಟ್ಟಿಗೆ ಅವೆಲ್ಲ ಕನ್ನಡದ ನಿಯಮಗಳನ್ನು ಆಂಗ್ಲದ ಮೇಲೆ ಹೊರಿಸಿದುದರಿಂದ ಆದವು.

ಕನ್ನಡದಲ್ಲಿ ‘ಹೋಗುತ್ತೇನೆ’ ಎಂಬ ಒಂದೇ ರೂಪ ‘ದಿನಾಲು ಹೋಗುತ್ತೇನೆ’ ಎಂಬಲ್ಲಿಯೂ ‘ನಾಳೆ ಹೋಗುತ್ತೇನೆ’ ಎಂಬಲ್ಲಿಯೂ ಸಲ್ಲುತ್ತದೆ. ಆಂಗ್ಲದಲ್ಲಿ ರೂಢಿಗೆ ‘ಐ ಗೋ’, ನಾಳೆಗೆ ‘ಐ ವಿಲ್ ಗೋ’ ಎಂದು ಬೇರ್ಪಡಿಸಬೇಕು. ‘ಐದು ವರ್ಷದಿಂದ ಇಲ್ಲಿದ್ದೇನೆ’ ಎಂಬುದು ನಮ್ಮಲ್ಲಿ ವರ್ತಮಾನ. ಅದನ್ನೇ ಪದಶಃ ತಿರುಗಿಸಿ ‘ಐ ಆಮ್ ಹಿಯರ್ ಫ್ರಮ್ ಫೈವ್ ಇಯರ್ಸ್’ ಎಂದರೆ ತಪ್ಪಾಗುತ್ತದೆ. ‘ಐ ಹ್ಯಾವ್ ಬೀನ್ ಹಿಯರ್ ಫಾರ್ ಫೈವ್ ಇಯರ್ಸ್’ ಎನ್ನಬೇಕು.

ಎಲ್ಲಕ್ಕಿಂತ ಕಷ್ಟವಾದುದು ಗೌರವದ ಬಹುವಚನ. ತಂದೆಯವರ ವಿಷಯ ಹೇಳುವಾಗಲೆಲ್ಲ ಆಕೆ ‘ದೇ’ ಎನ್ನುತ್ತಿದ್ದಳು. ‘ಹಿ’ ಎನ್ನಬೇಕೆಂದಾಗ, “ಅಪ್ಪನನ್ನು ಅವನು ಎಂದಂತಾಗುತ್ತದಲ್ಲ ಗುರುಗಳೇ” ಎಂದು ಸಂಕೋಚಪಟ್ಟಳು. ಆ ಭಾಷೆಯಲ್ಲಿ ಗೌರವವು ವಚನದಲ್ಲಿ ಇರುವುದಿಲ್ಲ, ದನಿಯಲ್ಲಿಯೂ ಆಡುವ ರೀತಿಯಲ್ಲಿಯೂ ಇರುತ್ತದೆಂದು ತಿಳಿಯಹೇಳಿದ ಮೇಲೆ ಆಕೆಯ ನಾಲಿಗೆ ಸಡಿಲವಾಯಿತು.

ಉಚ್ಚಾರಣೆಯಲ್ಲಿಯೂ ಹೀಗೆಯೇ. ಪದಾದಿಯ ಎಕಾರಕ್ಕೆ ಯಕಾರವನ್ನೂ ಒಕಾರಕ್ಕೆ ವಕಾರವನ್ನೂ ಬೆರೆಸುವುದು ನಮ್ಮ ಆಡುಮಾತಿನ ಸ್ವಭಾವ; ಆದುದರಿಂದ ‘ಎಗ್’ ಎಂಬುದು ‘ಯೆಗ್’, ‘ಓನ್ಲಿ’ ಎಂಬುದು ‘ವೋನ್ಲಿ’ ಆಗುತ್ತದೆ. ನಮ್ಮ ಪದಗಳು ಸಾಮಾನ್ಯವಾಗಿ ಸ್ವರಾಂತಗಳಾದ ಕಾರಣ ‘ಬಸ್’ ಎಂಬುದು ‘ಬಸ್ಸು’ ಆಗುತ್ತದೆ. ಕನ್ನಡದಲ್ಲಿ ಅಕ್ಷರಗಳೆಲ್ಲ ಹೆಚ್ಚುಕಡಿಮೆ ಸಮವಾದ ಒತ್ತಿನಿಂದ ಸಾಗುತ್ತವೆ. ಆಂಗ್ಲದಲ್ಲಿ ಒಂದು ಅಕ್ಷರದ ಮೇಲೆ ಊರಿ ಉಳಿದವನ್ನು ಹಗುರವಾಗಿ ಬಿಡಬೇಕು. ‘ಫೋಟೋಗ್ರಾಫ್’ ಎಂಬಲ್ಲಿ ಒತ್ತು ಮೊದಲನೆಯ ಅಕ್ಷರಕ್ಕೆ, ‘ಫೊಟಾಗ್ರಫರ್’ ಎಂಬಲ್ಲಿ ಎರಡನೆಯದಕ್ಕೆ. ಗುರುಲಘುಗಳನ್ನು ಗುರುತಿಸಿ ಪ್ರಸ್ತಾರ ಹಾಕಿದವಳಿಗೆ ಈ ಸೂಕ್ಷ್ಮ ಬೇಗನೆ ಹಿಡಿಸಿತು.

ಶಾಲೆಯ ಪಾಲು

ಎರಡನೆಯ ಸಲ ಆಕೆಗೆ 6.5 ಬಂದಿತು. ಮೂರನೆಯ ಸಲ 7. ಈಗ ಆಕೆ ಇಂಗ್ಲೆಂಡಿನ ಆಸ್ಪತ್ರೆಯೊಂದರಲ್ಲಿದ್ದಾಳೆ. ಅಲ್ಲಿಂದ ಬರೆದ ಪತ್ರದಲ್ಲಿ, ವಾರ್ಡಿನ ವೃದ್ಧರು ತಮ್ಮ ಮನೆ, ಹಿತ್ತಿಲು, ಸಾಕಿದ ಬೆಕ್ಕು, ನಿನ್ನೆಯ ಊಟ ಇವುಗಳ ಮಾತನ್ನೇ ಆಡುತ್ತಾರೆಂದೂ, ಪರೀಕ್ಷೆಯಲ್ಲಿ ಅವನ್ನೇ ಏಕೆ ಕೇಳಿದರೆಂಬುದು ಈಗ ತಿಳಿಯಿತೆಂದೂ ತಿಳಿಸಿದ್ದಾಳೆ.

ಮೂರು ಸಲದ ಶುಲ್ಕವನ್ನು ಎಲ್ಲ ತಂದೆತಾಯಿಗಳೂ ಭರಿಸಲಾರರು. ಆದುದರಿಂದ ಶಿಕ್ಷಕ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟು: ಎಂಟನೆಯ ತರಗತಿಯಿಂದಲೇ ವಾರಕ್ಕೆ ಒಂದು ಅವಧಿಯನ್ನು ಮಾತಿಗಾಗಿ ಮೀಸಲಿಡೋಣ. ಪ್ರತಿಯೊಂದು ಮಗುವೂ ಸರದಿಯಂತೆ ಎದ್ದು ನಿಂತು, ತಾನು ಕಂಡುದನ್ನು ಎರಡು ನಿಮಿಷ ಮೊದಲು ಕನ್ನಡದಲ್ಲಿ, ಅನಂತರ ಆಂಗ್ಲದಲ್ಲಿ ಹೇಳಲಿ. ಉಳಿದ ಮಕ್ಕಳು ಎರಡು ಪ್ರಶ್ನೆ ಕೇಳಲಿ. ತಪ್ಪನ್ನು ನಡುವೆ ತಡೆದು ತಿದ್ದದೆ, ಮಾತು ಮುಗಿದ ಮೇಲೆ ತಿದ್ದೋಣ. ನಾನು ನನ್ನ ತರಗತಿಯಲ್ಲಿ ಇದನ್ನು ಆರಂಭಿಸಿದ್ದೇನೆ. ಭಾಷಾ ಪ್ರಯೋಗಾಲಯಕ್ಕೆ ಯಂತ್ರಗಳನ್ನು ಕೊಡಿಸಬಯಸುವ ದಾನಿಗಳ ಔದಾರ್ಯಕ್ಕೆ ನಾವು ಋಣಿಗಳು. ಆ ಯಂತ್ರಗಳು ಬರುವುದಕ್ಕೆ ಮುಂಚೆಯೇ ನಡೆಯಬಹುದಾದ ಕೆಲಸವಿದು. ಇದಕ್ಕೆ ಬೇಕಾದುದು ಕೇಳುವ ಕಿವಿ ಮತ್ತು ಒಂದು ಗಡಿಯಾರ. ಹಳೆಯ ವಿದ್ಯಾರ್ಥಿಗಳು ಊರಿಗೆ ಬಂದಾಗ ಒಂದು ಅವಧಿ ನಮ್ಮ ಮಕ್ಕಳ ಮುಂದೆ ಕುಳಿತು ಅವರ ಮನೆಯ ಸುದ್ದಿ ಕೇಳಿದರೆ, ಅದೂ ಈ ಸಂಸ್ಥೆಗೆ ಸಲ್ಲಿಸಿದ ಸೇವೆಯೇ ಆಗುವುದು.