ಮೀನು ಸಾಯುವ ಹೊತ್ತಿನ ನೀರು

ಪ್ರಶ್ನೆ: ಸರ, ಗದ್ದಿ ಬಸಿನೀರು ಬಂದು ಕೂಡೋ ಹೊಂಡದಾಗ ರೋಹು, ಕಾಟ್ಲಾ ಬಿಟ್ಟಿದ್ದೆ. ಮ್ಯಾಲಿನ ಗದ್ದಿಗೆ ಯೂರಿಯಾ ಹಾಕಿ ನಾಕು ದಿನಕ್ಕ, ಮಧ್ಯಾಹ್ನ ಮೂರರ ಸುಮಾರಿಗೆ ಮೀನೆಲ್ಲಾ ಮ್ಯಾಲೆ ಬಂದು ಗರಗರ ತಿರುಗಿ ಸತ್ತುವು. ಕೊರವ ಸುದ್ದಾ ಉಳೀಲಿಲ್ಲ. ಮರುದಿನ ಮುಂಜಾನೆ ನೀರು ಒಯ್ದು ತೋರಿಸಿದ್ರ ‘ಏನೂ ದೋಷ ಇಲ್ಲ, ಆಕ್ಸಿಜನ್ ಕಮ್ಮಿ ಆಗಿರಬೇಕು’ ಅಂದ್ರು. ಖರೆ ಏನು?
– ಮೀನು ಸಾಕಣೆದಾರರು, ಗಂಗಾವತಿ ತಾಲ್ಲೂಕು

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಮೊದಲು ಕಣ್ಣಿಗೆ ಬಿದ್ದದ್ದು ‘ಮಧ್ಯಾಹ್ನ ಮೂರು’. ಆಮ್ಲಜನಕ ಸಾಲದೆ ಸಾಯುವ ಮೀನು ಹೆಚ್ಚಾಗಿ ನಸುಕಿನಲ್ಲಿ ಸಾಯುತ್ತದೆ. ರಾತ್ರಿಯಿಡೀ ಪಾಚಿ, ಮೀನು, ಕೆಸರು ಎಲ್ಲವೂ ಸೇರಿ ನೀರಿನ ಆಮ್ಲಜನಕವನ್ನು ಮುಗಿಸಿರುತ್ತವೆ. ಬಿಸಿಲೇರಿದ ಮೇಲೆ ಹಸಿರು ನೀರಿನಲ್ಲಿ ಅದಕ್ಕೆ ಬರವಿರುವುದಿಲ್ಲ. ಎರಡನೆಯದು ಕೊರವ. ಅದು ನೀರಿನ ಮೇಲೆ ಬಂದು ಗಾಳಿಯನ್ನೇ ನುಂಗಿ ಉಸಿರಾಡುವ ಮೀನು. ರೋಹು, ಕಾಟ್ಲಾ ಉಸಿರುಗಟ್ಟಿ ಸತ್ತ ಹೊಂಡದಲ್ಲೂ ಕೊರವ ಉಳಿದುಕೊಳ್ಳುತ್ತದೆ. ಅದೂ ಸತ್ತಿದೆ ಎಂದರೆ ನೀರಿನಲ್ಲಿ ವಿಷವನ್ನು ಹುಡುಕಬೇಕು.

ನನ್ನ ಅನುಮಾನ ಅಮೋನಿಯಾದ ಮೇಲೆ. ಯೂರಿಯಾ ಮಣ್ಣು–ನೀರಿನಲ್ಲಿ ಕೆಲವೇ ದಿನಗಳಲ್ಲಿ ಒಡೆದು ಅಮೋನಿಯಾ ಆಗುತ್ತದೆ. ಗೊಬ್ಬರದ ಕಾರ್ಖಾನೆ, ಐಸ್ ಫ್ಯಾಕ್ಟರಿ, ಶೀತಲಗೃಹಗಳಲ್ಲಿ ಇರುವುದೂ ಇದೇ ರಾಸಾಯನಿಕ. ನೀರಿನಲ್ಲಿ ಇದಕ್ಕೆ ಎರಡು ರೂಪ. ಅಮೋನಿಯಂ ರೂಪ ಮೀನಿಗೆ ಅಷ್ಟು ಕೆಡುಕಲ್ಲ. ಮುಕ್ತ ಅಮೋನಿಯಾ ಮಾತ್ರ ಕಿವಿರಿನ ಮೂಲಕ ನೇರ ರಕ್ತಕ್ಕೆ ಇಳಿಯುತ್ತದೆ. ಯಾವ ರೂಪ ಎಷ್ಟಿರಬೇಕು ಎಂಬುದನ್ನು ನೀರಿನ ಪಿಎಚ್ ಮತ್ತು ಬಿಸಿ ತೀರ್ಮಾನಿಸುತ್ತವೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಿಎಚ್ 7 ಇದ್ದರೆ ಮುಕ್ತ ರೂಪ ನೂರಕ್ಕೆ ಒಂದರಷ್ಟೂ ಇರುವುದಿಲ್ಲ. ಪಿಎಚ್ 8ಕ್ಕೆ ಸುಮಾರು 5, ಪಿಎಚ್ 9ಕ್ಕೆ ಸುಮಾರು 36.

ಈಗ ನಿಮ್ಮ ಹೊಂಡಕ್ಕೆ ಬನ್ನಿ. ಹಸಿರುಗಟ್ಟಿದ ನೀರಿನಲ್ಲಿ ಪಾಚಿ ಹಗಲೆಲ್ಲ ಇಂಗಾಲದ ಡೈಆಕ್ಸೈಡ್ ಹೀರುವುದರಿಂದ ಮುಂಜಾನೆ 7.5 ಇದ್ದ ಪಿಎಚ್ ಮಧ್ಯಾಹ್ನದ ಹೊತ್ತಿಗೆ 9 ಮುಟ್ಟಬಹುದು. ಲೀಟರಿಗೆ ಒಟ್ಟು 4 ಮಿಲಿಗ್ರಾಂ ಅಮೋನಿಯಾ ಇತ್ತು ಅಂದುಕೊಳ್ಳಿ. ಮುಂಜಾನೆ ಅದರಲ್ಲಿ ಮುಕ್ತ ಅಮೋನಿಯಾ 0.1 ಮಿಲಿಗ್ರಾಂಗಿಂತ ಕಡಿಮೆ, ಮಧ್ಯಾಹ್ನ ಸುಮಾರು 1.4. ಗೆಂಡೆ ಜಾತಿಯ ಮೀನು ಸಾಯಲು ಲೀಟರಿಗೆ 1–2 ಮಿಲಿಗ್ರಾಂ ಸಾಕು. ನಮ್ಮ ಬೇಸಿಗೆಯ ಬಿಸಿನೀರಿನಲ್ಲಿ ಮುಕ್ತ ಅಮೋನಿಯಾದ ಪಾಲು ಇನ್ನೂ ಏರುತ್ತದೆ. ಅದೇ ಹೊಂಡ, ಅದೇ ನೀರು. ಹೊತ್ತು ಮಾತ್ರ ಬೇರೆ. ಮರುದಿನ ಮುಂಜಾನೆಯ ನೀರಿನಲ್ಲಿ ದೋಷ ಕಾಣದಿದ್ದರೆ ಅದು ಲ್ಯಾಬಿನವರ ಸುಳ್ಳೂ ಅಲ್ಲ, ನಿಮ್ಮ ಭ್ರಮೆಯೂ ಅಲ್ಲ.

ಇನ್ನೊಮ್ಮೆ ಹೀಗಾದರೆ ಮೀನು ಒದ್ದಾಡುತ್ತಿರುವಾಗಲೇ ನೀರು ಹಿಡಿಯಿರಿ. ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆದು, ಗಾಳಿ ಉಳಿಯದಂತೆ ಕಂಠಮಟ್ಟ ತುಂಬಿ ಐಸಿನಲ್ಲಿಡಿ. ಪಿಎಚ್ ಮತ್ತು ನೀರಿನ ಬಿಸಿಯನ್ನು ಹೊಂಡದ ದಂಡೆಯಲ್ಲೇ ನೋಡಿ, ಗಡಿಯಾರದ ಸಮಯದೊಂದಿಗೆ ಬರೆದುಕೊಳ್ಳಿ. ಆಗಷ್ಟೇ ಸತ್ತ ಒಂದು ಮೀನಿನ ಕಿವಿರು ಮುಚ್ಚಳ ಎತ್ತಿ ಫೋಟೊ ತೆಗೆಯಿರಿ. ಕಂದು ಬಣ್ಣ ಕಂಡರೆ ನೈಟ್ರೈಟ್ ನೆನಪಾಗಬೇಕು, ಹೊಳೆಯುವ ಕೆಂಪು ಕಂಡರೆ ಸೈನೈಡ್. ಸಂಜೆಯಾದರೆ ಎಲ್ಲ ಕಿವಿರೂ ಮಾಸಲಾಗಿ ಒಂದೇ ಥರ ಕಾಣುತ್ತವೆ.

ಪ್ರಶ್ನೆ: ಪ್ರಾಜೆಕ್ಟಿಗಾಗಿ ರೋಹು ಮರಿಗಳ ಮೇಲೆ ಎಲ್‌ಸಿ50 ಪ್ರಯೋಗ ಮಾಡುತ್ತಿದ್ದೇನೆ. ರಾಸಾಯನಿಕ ಹಾಕದ ತೊಟ್ಟಿಯ ಮೀನುಗಳೇ ಮೊದಲ ರಾತ್ರಿ ಸತ್ತವು. ತಪ್ಪು ಎಲ್ಲಿ? ಎಲ್‌ಸಿ50ಗಿಂತ ಕಡಿಮೆ ಇದ್ದರೆ ಸುರಕ್ಷಿತ ಎಂದು ಬರೆಯಬಹುದೇ?
– ಪದವಿ ವಿದ್ಯಾರ್ಥಿನಿ, ಕುಷ್ಟಗಿ

ಉತ್ತರ: ನಲ್ಲಿಯ ನೀರನ್ನೇ ತೊಟ್ಟಿಗೆ ತುಂಬಿದಿರಾ ಅಮ್ಮ? ಹಾಗಿದ್ದರೆ ಕೊಂದದ್ದು ಕ್ಲೋರಿನ್. ನಾವು ನಿಶ್ಚಿಂತೆಯಿಂದ ಕುಡಿಯುವಷ್ಟು ಕ್ಲೋರಿನ್ ಮೀನಿನ ಕಿವಿರನ್ನು ಸುಡುತ್ತದೆ. ನೀರನ್ನು ಒಂದೆರಡು ದಿನ ತೆರೆದಿಟ್ಟು, ಏರ್ ಪಂಪ್ ಹಾಕಿ ಗಾಳಿಯಾಡಿಸಿ, ಆಮೇಲೆ ಮೀನು ಬಿಡಿ. ರಾಸಾಯನಿಕವಿಲ್ಲದ ತೊಟ್ಟಿಯಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮೀನು ಸತ್ತರೆ ಇಡೀ ಪ್ರಯೋಗವನ್ನು ಕೈಬಿಟ್ಟು ಹೊಸದಾಗಿ ಶುರು ಮಾಡಬೇಕು. ಮನಸ್ಸಿಗೆ ಕಷ್ಟವಾಗುತ್ತದೆ, ಆದರೂ ಆ ಅಂಕಿಗಳನ್ನು ಬಳಸಬೇಡಿ.

ಎಲ್‌ಸಿ50 ಎಂದರೆ ಗೊತ್ತುಪಡಿಸಿದ ಅವಧಿಯಲ್ಲಿ, ಸಾಮಾನ್ಯವಾಗಿ 96 ಗಂಟೆಯಲ್ಲಿ, ಅರ್ಧದಷ್ಟು ಮೀನುಗಳನ್ನು ಕೊಲ್ಲುವ ಪ್ರಮಾಣ. ಅದು ಸಾವಿನ ಅಳತೆ, ಸುರಕ್ಷತೆಯ ಗೆರೆಯಲ್ಲ. ಅದಕ್ಕಿಂತ ಎಷ್ಟೋ ಕಡಿಮೆ ಪ್ರಮಾಣದಲ್ಲೇ ಮರಿಗಳು ಗುಂಪು ಬಿಟ್ಟು ಚದುರುತ್ತವೆ, ಕಿವಿರು ಮುಚ್ಚಳ ಪಟಪಟ ಬಡಿಯತೊಡಗುತ್ತದೆ, ತೊಟ್ಟಿಯ ಗಾಜು ತಟ್ಟಿದರೂ ಕದಲದೆ ನಿಲ್ಲುತ್ತವೆ. ಹೊಳೆಯಲ್ಲಿ ಹೀಗೆ ನಿಂತ ಮೀನನ್ನು ಕೊಕ್ಕರೆ ಬಿಡುವುದಿಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಸೋಡಿಯಂ ಸೈನೈಡ್ ಬಗ್ಗೆ ನಡೆದ ಅಧ್ಯಯನಗಳು ಸತ್ತ ಮೀನು ಎಣಿಸುವಲ್ಲಿಗೇ ನಿಲ್ಲದೆ, ಬದುಕುಳಿದ ಮೀನಿನ ನಡವಳಿಕೆ, ಕಿಣ್ವಗಳನ್ನೂ ನೋಡಿವೆ. ಅವನ್ನು ಹುಡುಕಿ ಓದಿ. ನೀವೂ 24, 48, 72, 96ನೇ ಗಂಟೆಗೆ ಸಾವಿನ ಲೆಕ್ಕದ ಪಕ್ಕದಲ್ಲೇ ಕಣ್ಣಾರೆ ಕಂಡದ್ದನ್ನು ಬರೆಯಿರಿ.

ಪ್ರಶ್ನೆ: ಹಳ್ಳಕ್ಕೆ ನೀರು ಬಿಡೋ ಒಂದು ಕಾರ್ಖಾನೆಯವರು ‘ನಮ್ಮ ನೀರಾಗ ಮೀನು 96 ತಾಸು ಬದುಕ್ಯಾವ, ರಿಪೋರ್ಟ್ ಐತಿ’ ಅಂತಾರ. ಹಳ್ಳದಾಗ ನೋಡಿದ್ರ ಮೀನಿನ ಸುಳಿವೇ ಇಲ್ಲ. ಯಾರ ಮಾತು ನಂಬೋದು?
– ಮೀನುಗಾರರು, ಕೊಪ್ಪಳ ತಾಲ್ಲೂಕು

ಉತ್ತರ: ಎರಡೂ ನಿಜವಿರಬಹುದು. 1986ರ ಪರಿಸರ (ಸಂರಕ್ಷಣೆ) ನಿಯಮಗಳಲ್ಲಿ ಹೊಳೆ–ಕೆರೆಗೆ ಬಿಡುವ ತ್ಯಾಜ್ಯನೀರಿಗೆ ಮೀನಿನ ಪರೀಕ್ಷೆಯೇ ಇದೆ. ಬೇರೆ ನೀರು ಬೆರೆಸದ ತ್ಯಾಜ್ಯದಲ್ಲಿ 96 ಗಂಟೆಯ ಕೊನೆಗೆ ನೂರರಲ್ಲಿ 90 ಮೀನು ಬದುಕಿರಬೇಕು. ಒಳ್ಳೆಯ ನಿಯಮ. ಆದರೆ ಅದು ಹೇಳುವುದು ನೀರು ಹಿಡಿದ ಆ ದಿನದ ಮಾತನ್ನು. ರಾತ್ರಿ ಬಿಟ್ಟ ನೀರು ಹೇಗಿತ್ತು, ಮೊಟ್ಟೆ ಒಡೆದವೇ, ಮರಿ ಬೆಳೆದವೇ ಎಂಬುದನ್ನು ನಾಲ್ಕು ದಿನದ ಪರೀಕ್ಷೆ ಹೇಳಲಾರದು. ಮೀನು ಬೆಳೆಯುವ ನೀರಿಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಇಟ್ಟಿರುವ ಅಳತೆಯೇ ಬೇರೆ: ಪಿಎಚ್ 6.5ರಿಂದ 8.5, ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಆಮ್ಲಜನಕ, ಮುಕ್ತ ಅಮೋನಿಯಾ 1.2 ಮಿಲಿಗ್ರಾಂ ಒಳಗೆ. ಈ ಕೊನೆಯ ಅಂಕಿ ನನ್ನ ದೃಷ್ಟಿಯಲ್ಲಿ ತೀರ ಉದಾರವಾಯಿತು. ಮೇಲೆ ಗಂಗಾವತಿಯವರಿಗೆ ಕೊಟ್ಟ ಲೆಕ್ಕ ನೋಡಿದರೆ ಕಾರಣ ತಿಳಿಯುತ್ತದೆ.

ರಿಪೋರ್ಟಿನ ಪ್ರತಿ ಕೇಳಿ ಪಡೆಯಿರಿ. ಯಾವ ಜಾಗದ ನೀರು, ಎಷ್ಟು ಗಂಟೆಗೆ ಹಿಡಿದದ್ದು, ಯಾವ ಮೀನು, ಇವಿಷ್ಟು ಅದರಲ್ಲಿ ಇರಲೇಬೇಕು. ನೀವೇ ಹಿಡಿದ ನೀರು ಅನುಮಾನಕ್ಕೆ ಆಧಾರವಾಗುತ್ತದೆ. ನ್ಯಾಯಾಲಯದಲ್ಲಿ ನಿಲ್ಲುವುದು 1974ರ ಜಲ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿ ಹಿಡಿದು ಮೊಹರು ಹಾಕಿದ ಮಾದರಿ. ಆದ್ದರಿಂದ ಮೀನು ಒದ್ದಾಡುವುದು ಕಂಡ ಕೂಡಲೇ ಆ ಮಂಡಳಿಯ ಕೊಪ್ಪಳ ಕಚೇರಿಗೂ ಮೀನುಗಾರಿಕೆ ಇಲಾಖೆಗೂ ಫೋನ್ ಮಾಡಿ, ಹಿಂದೆಯೇ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ನಿಮ್ಮ ಕಡೆ ಹರಿಯುವ ತುಂಗಭದ್ರೆಯ ಮೇಲ್ಭಾಗದಲ್ಲಿ, ಹರಿಹರದ ಬಳಿ ನದಿ ಕೆಟ್ಟಾಗ 1980ರ ದಶಕದಲ್ಲಿ ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ನದಿ ದಂಡೆಯ ಊರಿನವರ ಜೊತೆ ನಿಂತು ಹೋರಾಡಿತ್ತು. ಒಬ್ಬರೇ ಹೋಗಬೇಡಿ, ಊರವರನ್ನು ಕೂಡಿಸಿಕೊಂಡು ಹೋಗಿ.

ಪ್ರಶ್ನೆ: ಕೆರೆಯಲ್ಲಿ ಸತ್ತು ತೇಲಿದ ಮೀನನ್ನು ಮಂದಿ ಬುಟ್ಟಿಗಟ್ಟಲೆ ಒಯ್ದರು. ಬೇಯಿಸಿದರೆ ವಿಷ ಹೋಗುತ್ತದೆಯೇ?
– ಗೃಹಿಣಿ, ಯಲಬುರ್ಗಾ

ಉತ್ತರ: ಇಲ್ಲ ತಾಯಿ. ಬೇಯಿಸಿದರೆ ಕ್ರಿಮಿ ಸಾಯುತ್ತದೆ, ಸೀಸ–ಪಾದರಸದಂಥ ಲೋಹಗಳು ಎಲ್ಲಿಗೂ ಹೋಗುವುದಿಲ್ಲ. ವಾಸನೆ ನೋಡಿ ನಿರ್ಧರಿಸುವುದೂ ಬೇಡ. ಫಿನಾಲ್ ಸೇರಿದ ನೀರಿನ ಮೀನು ಸಾರಿನಲ್ಲೂ ಔಷಧದ ಘಾಟು ಬಿಡುತ್ತದೆ ನಿಜ, ಆದರೆ ಬಹಳಷ್ಟು ವಿಷಗಳಿಗೆ ವಾಸನೆಯೇ ಇಲ್ಲ. ಕಾರಣ ತಿಳಿಯದೆ ಸತ್ತ ಮೀನನ್ನು ತಿನ್ನಲೂಬೇಡಿ, ಒಣಗಿಸಿಯೂ ಇಡಬೇಡಿ, ಕೋಳಿಗೂ ಹಾಕಬೇಡಿ. ತಪಾಸಣೆಗೆಂದು ನಾಲ್ಕೈದು ಮೀನನ್ನು ಐಸಿನಲ್ಲಿ ತೆಗೆದಿಟ್ಟು, ಉಳಿದದ್ದನ್ನು ಕೆರೆಯ ಅಂಚಿನಿಂದ ದೂರ, ನಾಯಿ ಕೆದರದಷ್ಟು ಆಳಕ್ಕೆ ಹೂಳಿಸಿ.