ಕೊಟ್ಟಿಗೆಯ ರೋಗ ಮತ್ತು ಕಾಯಕದ ನೀತಿ



ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ನಮ್ಮ ಭಕ್ತರಲ್ಲಿ ಹೆಚ್ಚಿನವರ ಬದುಕು ಹೊಲ, ದನ, ಅಂಗಡಿ ಈ ಮೂರರ ಮೇಲೆ ನಿಂತಿದೆ. ಮಳೆ ಕೈಕೊಟ್ಟ ವರ್ಷವೂ ಆಕಳು, ಎಮ್ಮೆಗಳು ಮನೆಯ ಒಲೆ ಆರದಂತೆ ನೋಡಿಕೊಳ್ಳುತ್ತವೆ. ಆದ್ದರಿಂದ ಈ ಸಲದ ಪಾಠಕ್ಕೆ ಕೊಟ್ಟಿಗೆಯ ವಿಷಯವನ್ನೇ ಆರಿಸಿಕೊಂಡಿದ್ದೇವೆ. ದನಕ್ಕೆ ಬಂದು ಮನುಷ್ಯನಿಗೂ ದಾಟುವ ರೋಗವನ್ನು ತಡೆಯುವುದು ಡಾಕ್ಟರರ ಕೆಲಸ ಮಾತ್ರವೋ, ನಮ್ಮ ಕಾಯಕಕ್ಕೂ ಸೇರಿದ ಕರ್ತವ್ಯವೋ? ಕಂದು ರೋಗವೊಂದನ್ನೇ ಉದಾಹರಣೆಯಾಗಿ ಇಟ್ಟುಕೊಂಡು ವಿಚಾರ ಮಾಡೋಣ.

ರೋಗದ ಸ್ವರೂಪ

ಕಂದು ರೋಗಕ್ಕೆ ಡಾಕ್ಟರರು ಬ್ರುಸೆಲ್ಲೋಸಿಸ್ ಎನ್ನುತ್ತಾರೆ. ಐದು ತಿಂಗಳು ದಾಟಿದ ಗಬ್ಬದ ಆಕಳು ಅಥವಾ ಎಮ್ಮೆ ಇದ್ದಕ್ಕಿದ್ದಂತೆ ಕಂದು ಹಾಕುತ್ತದೆ. ಅನೇಕ ಸಲ ಮಾಸು ಬೀಳುವುದಿಲ್ಲ. ಒಮ್ಮೆ ಕಂದು ಹಾಕಿದ ದನ ಮುಂದಿನ ಸಲ ಸರಿಯಾಗಿ ಈಯಬಹುದು. ನೋಡಲು ಗಟ್ಟಿಮುಟ್ಟಾಗಿ, ಮೇವು ತಿಂದು, ಹಾಲು ಕೊಡುತ್ತಿರುತ್ತದೆ. ಆದರೆ ರೋಗಾಣು ಅದರ ಮೈಯಲ್ಲಿ ಉಳಿದು, ಹಾಲಿನಲ್ಲಿಯೂ ಈಯುವಾಗಿನ ನೀರು-ಮಾಸಿನಲ್ಲಿಯೂ ಹೊರಬೀಳುತ್ತದೆ. ದನದಲ್ಲಿ ಇದಕ್ಕೆ ಗುಣವಾಗುವ ಔಷಧಿ ರೂಢಿಯಲ್ಲಿಲ್ಲ.

ಕಾಯಿಸದ ಹಾಲು ಕುಡಿದವರಿಗೆ, ಬರಿಗೈಯಲ್ಲಿ ಕರು ಎಳೆದವರಿಗೆ, ಮಾಸು ತೆಗೆದವರಿಗೆ ಇದು ದಾಟುತ್ತದೆ. ಬಿಟ್ಟು ಬಿಟ್ಟು ಬರುವ ಜ್ವರ, ರಾತ್ರಿ ಬೆವರು, ಸೊಂಟ ಮತ್ತು ಕೀಲು ನೋವು, ತಿಂಗಳುಗಟ್ಟಲೆ ನಿತ್ರಾಣ ಇದರ ಲಕ್ಷಣಗಳು. ಗರ್ಭಿಣಿಯರಿಗೆ ಗರ್ಭಪಾತದ ಭಯವೂ ಇದೆ. ಮಲೇರಿಯಾ, ಟೈಫಾಯ್ಡ್ ಎಂದು ತಪ್ಪು ತಿಳಿಯುವ ಸಂಭವವಿರುವುದರಿಂದ ಜ್ವರ ಬಂದಾಗ ‘ನಮ್ಮ ಮನೆಯಲ್ಲಿ ದನ ಇವೆ’ ಎಂದು ಡಾಕ್ಟರರಿಗೆ ಹೇಳಲೇಬೇಕು. ಮನುಷ್ಯರಲ್ಲಿ ಇದಕ್ಕೆ ಔಷಧವಿದೆ. ಸಾಮಾನ್ಯವಾಗಿ ಆರು ವಾರ ಬಿಡದೆ ಗುಳಿಗೆ ನುಂಗಬೇಕಾಗುತ್ತದೆ.

ಮಾಲ್ಟಾ ದ್ವೀಪದ ಪಾಠ

ಈ ರೋಗಾಣುವನ್ನು ಡೇವಿಡ್ ಬ್ರೂಸ್ ಎಂಬ ಸೈನ್ಯದ ವೈದ್ಯರು 1887ರಲ್ಲಿ ಮಾಲ್ಟಾ ದ್ವೀಪದಲ್ಲಿ ಗುರುತಿಸಿದರು. ಅಲ್ಲಿಯ ಬ್ರಿಟಿಷ್ ಸೈನಿಕರು ಜ್ವರದಿಂದ ನರಳುತ್ತಿದ್ದರು, ಕಾರಣ ತಿಳಿದಿರಲಿಲ್ಲ. 1905ರಲ್ಲಿ ಅದೇ ನಾಡಿನ ವೈದ್ಯ ಥೆಮಿಸ್ಟೊಕ್ಲಿಸ್ ಜಮ್ಮಿತ್ ಅವರು ಆಡಿನ ಹಾಲಿನಿಂದ ರೋಗ ಬರುತ್ತದೆಂದು ಕಂಡುಹಿಡಿದರು. ಆ ಆಡುಗಳು ಆರೋಗ್ಯವಾಗಿಯೇ ಕಾಣುತ್ತಿದ್ದವು. 1906ರಲ್ಲಿ ಸೈನಿಕರಿಗೆ ಆಡಿನ ಹಾಲು ಕೊಡುವುದನ್ನು ನಿಲ್ಲಿಸಿದೊಡನೆ ಅವರಲ್ಲಿ ಜ್ವರ ಬಹುಮಟ್ಟಿಗೆ ಇಳಿಯಿತು. ಆದರೆ ದ್ವೀಪದ ಜನಸಾಮಾನ್ಯರು ಅದೇ ಹಾಲು ಕುಡಿಯುತ್ತ ಮುಂದೆಯೂ ಎಷ್ಟೋ ವರ್ಷ ನರಳಿದರು.

ಇದರಲ್ಲಿ ನಮಗೆ ಎರಡು ಪಾಠಗಳಿವೆ. ದನ ಚೆನ್ನಾಗಿ ಕಂಡ ಮಾತ್ರಕ್ಕೆ ರೋಗವಿಲ್ಲವೆನ್ನಲಾಗದು. ತಿಳಿವಳಿಕೆ ಕೆಲವರನ್ನಷ್ಟೇ ಕಾಪಾಡಿದರೆ ಧರ್ಮದ ಕೆಲಸ ಅರ್ಧಕ್ಕೇ ನಿಂತಂತೆ.

ನಷ್ಟ ಯಾರ ಖಾತೆಗೆ?

ಕಂದು ಹಾಕಿದ ಆಕಳನ್ನು ನಾಲ್ಕು ದಿನ ಮೇಯಿಸಿ, ಮೈ ತೊಳೆದು, ಸಂತೆಗೆ ಹೊಡೆದುಕೊಂಡು ಹೋಗುವ ರೂಢಿ ಅಲ್ಲಲ್ಲಿ ಇದೆ. ಟವೆಲಿನ ಕೆಳಗೆ ಬೆರಳು ಹಿಡಿದು ದರ ಕುದುರುತ್ತದೆ. ಕಂದು ಹಾಕಿದ ಮಾತು ಮಾತ್ರ ಹೊರಬರುವುದಿಲ್ಲ. ಮಾರಿದವನು ನಷ್ಟ ತಪ್ಪಿತೆಂದು ತಿಳಿಯುತ್ತಾನೆ. ಲೆಕ್ಕ ಬಲ್ಲವರು ಯೋಚಿಸಬೇಕು: ಕೀರ್ದಿಯಲ್ಲಿ ಖರ್ಚು ಬರೆಯದೆ ಬಿಟ್ಟರೆ ಖರ್ಚು ಇಲ್ಲವಾಗುವುದಿಲ್ಲ, ಬೇರೆಯವರ ಖಾತೆಗೆ ಹೋಗುತ್ತದೆ. ಇಲ್ಲಿ ಅದು ಕೊಂಡವನ ಕೊಟ್ಟಿಗೆಗೆ, ಅವನ ಮಗುವಿನ ಹಾಲಿನ ಲೋಟಕ್ಕೆ ಹೋಗುತ್ತದೆ. ತಕ್ಕಡಿಯಲ್ಲಿ ಮೋಸ ಮಾಡುವುದು ಪಾಪವೆಂದು ತಿಳಿದ ನಾವು ರೋಗ ಮುಚ್ಚಿಟ್ಟು ಮಾರುವುದನ್ನು ಜಾಣತನವೆಂದು ಕರೆಯಬಹುದೇ? 2009ರ ಕೇಂದ್ರ ಕಾಯ್ದೆಯೂ ಇಂಥ ರೋಗದ ಅನುಮಾನವಿದ್ದರೆ ತಿಳಿಸಬೇಕೆಂದು, ರೋಗವಿದೆಯೆಂದು ಗೊತ್ತಿರುವ ದನವನ್ನು ಸಂತೆಗೆ ತರಬಾರದೆಂದು ಹೇಳುತ್ತದೆ. ಜತ್ತದಲ್ಲಿ ಮಾರಿದ ದನ ವಿಜಯಪುರದ ಕಡೆಗೂ ಹೋಗುತ್ತದೆ; ರೋಗಕ್ಕೆ ರಾಜ್ಯದ ಗಡಿ ಗೊತ್ತಿಲ್ಲ.

ಇನ್ನೊಂದು ಮಾತು. ಸತ್ತ ಕರು ಎಳೆಯುವವನು, ಮಾಸು ಎತ್ತಿ ಎಸೆಯುವವನು ಬಹಳ ಸಲ ನಮ್ಮ ಸಂಬಳದ ಆಳು. ಸಗಣಿ ಬಳಿಯುವವರು ಮನೆಯ ಹೆಣ್ಣುಮಕ್ಕಳು. ಹಾಲಿನ ಲಾಭ ಒಬ್ಬರಿಗೆ, ರೋಗದ ಅಪಾಯ ಮತ್ತೊಬ್ಬರಿಗೆ ಎಂಬುದು ಕಾಯಕದ ನೀತಿಯಲ್ಲ. ಒಂದು ಜೊತೆ ರಬ್ಬರ್ ಕೈಗವಸು ಕೊಡುವುದು ಉಪಕಾರವಲ್ಲ, ಯಜಮಾನನ ಕರ್ತವ್ಯ.

ಪ್ರಾಮಾಣಿಕನಿಗೆ ಆಸರೆ

‘ನಿಜ ಹೇಳಿದರೆ ಆಕಳನ್ನು ಯಾರೂ ಕೊಳ್ಳುವುದಿಲ್ಲ, ಸಾಲದ ಕಂತು ಯಾರು ಕಟ್ಟುತ್ತಾರೆ?’ ಎಂದು ರೈತ ಕೇಳುತ್ತಾನೆ. ಈ ಪ್ರಶ್ನೆ ನ್ಯಾಯವಾದದ್ದು. ಕಸಾಯಿಖಾನೆಯ ಮಾತು ನಮ್ಮಲ್ಲಿಲ್ಲ, ಕಾನೂನೂ ಒಪ್ಪುವುದಿಲ್ಲ. ಬೀದಿಗೆ ಬಿಟ್ಟರೆ ಅಥವಾ ವಿಷಯ ತಿಳಿಸದೆ ಗೋಶಾಲೆಗೆ ಕಳಿಸಿದರೆ ಅದೂ ಮುಚ್ಚಿ ಮಾರಿದ ಹಾಗೆಯೇ. ಹಾಗಾದರೆ ಸಾಕುವ ಭಾರವನ್ನು ಅವನೊಬ್ಬನೇ ಹೊರಬೇಕೇ?

ಇಲ್ಲಿ ದಾಸೋಹ ತತ್ತ್ವ ನೆನಪಾಗಬೇಕು. ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆ ಕಟ್ಟಿಸಿದ್ದು ಊರಿಗೆಲ್ಲ. ನಿಜ ಹೇಳಿದ ರೈತನಿಗೆ ಓಣಿಯವರು ಒಂದೊಂದು ಹೊರೆ ಕಣಿಕೆ ಕೊಡಲಿ. ವ್ಯಾಪಾರಿ ಭಕ್ತರು ಹಿಂಡಿಯ ಉದ್ರಿಯನ್ನು ಸುಗ್ಗಿಯವರೆಗೆ ತಡೆಯಲಿ. ಪ್ರಾಮಾಣಿಕನನ್ನು ಒಂಟಿಯಾಗಿ ಬಿಟ್ಟ ಊರಿನಲ್ಲಿ ಮುಂದಿನವನು ಬಾಯಿ ಬಿಡುವುದಿಲ್ಲ. ಆಗ ಮುಚ್ಚಿಟ್ಟ ಪಾಪದಲ್ಲಿ ಊರಿಗೂ ಪಾಲಿದೆ.

ನಾವು ಮಾಡಬೇಕಾದದ್ದು

1. ಹಾಲನ್ನು ಚೆನ್ನಾಗಿ ಕುದಿಸಿಯೇ ಕುಡಿಯಬೇಕು. ಕರೆದ ನೊರೆಹಾಲು ಮಕ್ಕಳಿಗೆ ಪುಷ್ಟಿಯೆಂಬ ನಂಬಿಕೆ ಬಿಡಬೇಕು. ಮೊಸರು, ಬೆಣ್ಣೆಗೂ ಕಾಯಿಸಿದ ಹಾಲನ್ನೇ ಉಪಯೋಗಿಸಬೇಕು.

2. ನಾಲ್ಕರಿಂದ ಎಂಟು ತಿಂಗಳೊಳಗಿನ ಹೆಣ್ಣುಗರುಗಳಿಗೆ ಜೀವಮಾನದಲ್ಲಿ ಒಮ್ಮೆ ಲಸಿಕೆ ಹಾಕಿಸಬೇಕು. 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಇದನ್ನು ಸೇರಿಸಲಾಗಿದೆ. ಇದು ಜೀವಂತ ಲಸಿಕೆಯಾದ್ದರಿಂದ ಪಶುವೈದ್ಯರ ಸಿಬ್ಬಂದಿಯೇ ಹಾಕಬೇಕು. ಗಂಡುಗರುಗಳಿಗೂ ಗಬ್ಬದ ದನಗಳಿಗೂ ಹಾಕಿಸಬಾರದು.

3. ಕಂದು ಹಾಕಿದ ದನವನ್ನು ಬೇರೆ ಕಟ್ಟಿ, ಪಶುವೈದ್ಯರಿಗೆ ತಿಳಿಸಿ ರಕ್ತ ಪರೀಕ್ಷೆ ಮಾಡಿಸಬೇಕು. ಬೇರೆ ಕಾರಣಗಳಿಂದಲೂ ಕಂದು ಹಾಕುವುದುಂಟು. ಪರೀಕ್ಷೆಯಾಗದೆ ಯಾರ ಆಕಳಿಗೂ ಹೆಸರಿಡಬಾರದು. ಅದರ ಹಾಲನ್ನು ಅವರನ್ನು ಕೇಳದೆ ಡೈರಿಯ ಕ್ಯಾನಿಗೆ ಸುರಿಯಬಾರದು.

4. ಸತ್ತ ಕರು, ಮಾಸುಗಳನ್ನು ತಿಪ್ಪೆಗೆ ಹಾಕಿದರೆ ನಾಯಿಗಳು ಊರೆಲ್ಲ ಎಳೆದಾಡುತ್ತವೆ. ಕೈಗವಸು ಹಾಕಿಕೊಂಡು ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು. ಗರ್ಭಿಣಿಯರನ್ನು ಈ ಕೆಲಸದಿಂದ ದೂರವಿಡಬೇಕು.

5. ಕೊಳ್ಳುವವರು ಹಲ್ಲು, ಕೆಚ್ಚಲು ನೋಡುವಂತೆಯೇ ‘ಕಂದು ಹಾಕಿತ್ತೇ?’ ಎಂದು ಕೇಳಬೇಕು; ಕಿವಿಯ ಬಿಲ್ಲೆಯ ನಂಬರಿನಿಂದ ಲಸಿಕೆಯ ವಿವರ ವಿಚಾರಿಸಬೇಕು.

ಶರಣ ಸಂಕುಲದಲ್ಲಿ ತುರುಗಾಹಿ ರಾಮಣ್ಣನವರ ಕಾಯಕ ದನ ಕಾಯುವುದು. ಅದೇ ಕಾಯಕದಲ್ಲಿದ್ದು ಅವರು ಅನುಭಾವಿಗಳಾದರು. ದನ ಕಾಯುವುದೆಂದರೆ ಮೇಯಿಸಿ ಕಟ್ಟುವುದಷ್ಟೇ ಅಲ್ಲ. ದನವನ್ನು ರೋಗದಿಂದಲೂ, ಆ ರೋಗದಿಂದ ನೆರೆಯವರನ್ನೂ ಕಾಯುವುದು.

ಮನನಕ್ಕೆ: ನಮ್ಮ ಕೊಟ್ಟಿಗೆಯಲ್ಲಿ ಕರು ಎಳೆಯುವವರ ಕೈಗೆ ನಾವು ಏನು ಕೊಟ್ಟಿದ್ದೇವೆ? ನಮ್ಮ ಊರಿನಲ್ಲಿ ನಿಜ ಹೇಳಿದ ರೈತನ ಆಕಳಿಗೆ ಮೇವು ಕೊಡುವವರು ಯಾರು? ಮುಂದಿನ ಶಿವಾನುಭವ ಗೋಷ್ಠಿಯಲ್ಲಿ ಈ ಎರಡು ಪ್ರಶ್ನೆಗಳನ್ನು ಪ್ರತಿ ಊರಿನ ಭಕ್ತರು ಚರ್ಚಿಸಿ, ಮೇವಿನ ಒಂದು ವ್ಯವಸ್ಥೆ ಮಾಡಿಕೊಳ್ಳಬೇಕೆಂದು ಪ್ರಾರ್ಥಿಸುತ್ತೇವೆ.



— ಕಾರ್ಯದರ್ಶಿ, ಶ್ರೀಮಠ