ಗಾದೆ ಬಿಟ್ಟು ಬರೆದವರು

ಹತ್ತನೇ ತರಗತಿಗೆ ಕನ್ನಡ ಕಲಿಸುವವರಿಗೆ ‘ಪ್ರವಾಸದ ಮಹತ್ವ’ ಪ್ರಬಂಧದ ಮೊದಲ ಸಾಲು ಉತ್ತರಪತ್ರಿಕೆ ಬಿಚ್ಚುವ ಮುಂಚೆಯೇ ಗೊತ್ತಿರುತ್ತದೆ: ‘ದೇಶ ಸುತ್ತು, ಕೋಶ ಓದು ಎಂಬ ಗಾದೆಯಂತೆ...’ ಬೆನ್ನಿಗೇ ಜ್ಞಾನ ಹೆಚ್ಚುತ್ತದೆ, ಮನಸ್ಸು ವಿಶಾಲವಾಗುತ್ತದೆ, ಐಕ್ಯತೆ ಬೆಳೆಯುತ್ತದೆ. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಮೂರೂ ಇರುವುದರಿಂದ ಅಂಕ ಕೊಡಲೇಬೇಕು. ಆದರೆ ಅದನ್ನು ಓದಿ ಬಸ್‌ಸ್ಟ್ಯಾಂಡಿನ ದಾರಿ ಹಿಡಿದವರನ್ನು ನಾನು ಕಂಡಿಲ್ಲ.

ಹಾಗಾಗಿ ಗದಗ ಜಿಲ್ಲೆಯ ನಮ್ಮ ಶಾಲೆಯ ಕಿರುಪರೀಕ್ಷೆಯಲ್ಲಿ ಪ್ರಶ್ನೆಯನ್ನೇ ಬದಲಿಸಿದೆ. ಪ್ರವಾಸಕ್ಕೆ ಹಣ ಸುರಿಯುವುದು ಸಾರ್ಥಕವೇ? ಒಂದು ಪಕ್ಷ ಹಿಡಿದು ನನ್ನನ್ನು ಒಪ್ಪಿಸಿ. ಗಾದೆ ಬಳಸುವಂತಿಲ್ಲ.

‘ಗಾದೆ ಇಲ್ಲಂದ್ರ ಶುರು ಹೆಂಗ ಮಾಡೂದ್ರಿ ಸರ?’ ಎಂದಳು ಒಬ್ಬ ಹುಡುಗಿ. ಅವಳೇ ಎಲ್ಲರಿಗಿಂತ ಚೆನ್ನಾಗಿ ಬರೆದಳು.

ಹಂಪಿಯ ಶಾಲಾ ಪ್ರವಾಸದ ಬಗ್ಗೆ ಉಳಿದವರು 1986ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ್ದು, ಐವತ್ತರ ನೋಟಿನ ಮೇಲೆ ಕಲ್ಲಿನ ರಥ ಇರುವುದು ಬರೆದಿದ್ದರು. ಹಂಪಿಗೆ ಹೋಗದೆಯೂ ಬರೆಯಬಹುದಾದ ಮಾತು. ಇವಳು ಹಿಡಿದದ್ದು ವಿರೂಪಾಕ್ಷ ಗುಡಿಯ ಹಿಂಬದಿಯ ಕತ್ತಲೆ ಕೋಣೆಯನ್ನು. ಗೋಡೆಯ ಸಣ್ಣ ಕಿಂಡಿಯಿಂದ ಬೆಳಕು ಬಂದು ಎದುರು ಗೋಡೆಯ ಮೇಲೆ ರಾಜಗೋಪುರ ತಲೆಕೆಳಗಾಗಿ ಮೂಡುತ್ತದಲ್ಲ, ಅಲ್ಲಿ ಅಂಗೈ ಅಡ್ಡ ಹಿಡಿದಳಂತೆ. ಗೋಪುರದ ತುದಿ ಅಂಗೈ ಮೇಲೆ! ಬೆಳಕು ನೇರವಾಗಿ ಚಲಿಸುತ್ತದೆ ಎಂದು ವಿಜ್ಞಾನದ ಪರೀಕ್ಷೆಯಲ್ಲಿ ಬರೆದಿದ್ದೆ, ನಂಬಿದ್ದು ಮಾತ್ರ ಅವತ್ತು ಎಂದಿದ್ದಳು. ಖರ್ಚಿನ ಮಾತನ್ನೂ ಅವಳು ಮುಚ್ಚಿಡಲಿಲ್ಲ. ‘ಆ ರೊಕ್ಕಕ್ಕ ಒಂದು ಚೀಲ ಡಿಎಪಿ ಬರ್ತಿತ್ತು’ ಎಂದು ಅಪ್ಪ ಗೊಣಗಿದ್ದನ್ನು ಎರಡನೇ ಪ್ಯಾರಾದಲ್ಲೇ ಇಟ್ಟಿದ್ದಳು. ಅದನ್ನು ಓದಿದ ಮೇಲೆ ಅವಳ ಉಳಿದ ಮಾತಿಗೂ ತೂಕ ಬಂತು. ನಮ್ಮ ಶಾಸ್ತ್ರಕಾರರು ಪೂರ್ವಪಕ್ಷವನ್ನು, ಅಂದರೆ ಎದುರಾಳಿಯ ವಾದವನ್ನು, ಅಷ್ಟು ವಿಸ್ತಾರವಾಗಿ ಹೇಳುತ್ತಿದ್ದುದು ಸುಮ್ಮನೆ ಅಲ್ಲ.

ವಿರುದ್ಧವಾಗಿ ಬರೆದವನು ಒಬ್ಬನೇ, ಕುರಿಗಾರರ ಮನೆಯ ಹುಡುಗ. ಅವನ ಅಪ್ಪ ಅವ್ವ ಕುರಿ ಹೊಡೆದುಕೊಂಡು ತಿಂಗಳುಗಟ್ಟಲೆ ಊರೂರು ಅಲೆಯುತ್ತಾರೆ. ಸುಗ್ಗಿ ಮುಗಿದ ಹೊಲದಲ್ಲಿ ರಾತ್ರಿ ಕುರಿ ನಿಲ್ಲಿಸಿದರೆ ಗೊಬ್ಬರವಾಗುತ್ತದೆ, ಹೊಲದವರು ಕಾಳನ್ನೋ ರೊಕ್ಕವನ್ನೋ ಕೊಡುತ್ತಾರೆ. ಇವನು ಸಾಲಿಗಾಗಿ ಅಜ್ಜಿಯ ಜೊತೆ ಊರಲ್ಲೇ ಇದ್ದಾನೆ. ತಿರುಗಿದವರೆಲ್ಲ ಜ್ಞಾನಿಗಳಾದರೆ ನಮ್ಮಪ್ಪನನ್ನು ಯಾಕೆ ಹೊಲದ ಬದುವಿನ ಮೇಲೇ ನಿಲ್ಲಿಸಿ ಮಾತಾಡಿಸುತ್ತಾರೆ ಎಂಬುದು ಅವನ ವಾದ. ಪ್ರವಾಸಪ್ರಿಯನಾದ ನನ್ನ ಕೆಂಪು ಪೆನ್ನಿಗೂ ತಕ್ಷಣ ಉತ್ತರ ಹೊಳೆಯಲಿಲ್ಲ.

ಇಬ್ಬರ ಹಾಳೆಗಳನ್ನು ಅದಲುಬದಲು ಮಾಡಿ, ಎದುರಾಳಿಗೆ ಉತ್ತರ ಬರೆಯಿರಿ ಎಂದೆ. ಬೇಕಾದಾಗ ಹೋಗಿ ಬೇಕಾದಾಗ ಮರಳುವುದು ಪ್ರವಾಸ, ನಿನ್ನ ಅಪ್ಪನದು ದುಡಿಮೆ ಎಂದು ಅವಳು ಬರೆದಳು. ಒಪ್ಪುವ ಮಾತೇ. ಅವನು ಬರೆಯುವ ಬದಲು ಚಪ್ಪಲಿಯ ರಟ್ಟಿನ ಡಬ್ಬಿಗೆ ತೂತು ಕೊರೆದು, ಎದುರಿಗೆ ಎಣ್ಣೆ ಸವರಿದ ಹಾಳೆ ಅಂಟಿಸಿಕೊಂಡು ಬಂದ. ಅದರಲ್ಲಿ ಸಾಲಿ ಅಂಗಳದ ಬೇವಿನ ಮರ ತಲೆಕೆಳಗಾಗಿ ಕಾಣುತ್ತಿತ್ತು.

‘ನಾ ಹಂಪಿಗೆ ಹೋಗಿ ಬಂದಿದ್ದಕ್ಕ ನಿನಗ ಈ ವಿಚಾರ ಬಂತು’ ಎಂದಳು ಅವಳು.

‘ನಾ ಎಲ್ಲಿಗೆ ಹೋಗೀನಿ? ನೀ ಬರೆದದ್ದು ಓದೀನಿ’ ಎಂದ.

ಇಬ್ಬರಿಗೂ ಪೂರ್ತಿ ಅಂಕ ಕೊಟ್ಟೆ. ಬೋರ್ಡ್ ಪರೀಕ್ಷೆಯಲ್ಲಿ ಮಾತ್ರ ಪೀಠಿಕೆ, ಉಪಸಂಹಾರ ಬಿಡಬೇಡಿ, ಬೇಕಾದರೆ ಗಾದೆಯನ್ನೂ ಹಾಕಿ, ಆದರೆ ಕತ್ತಲೆ ಕೋಣೆ ಮತ್ತು ಕುರಿ ನಿಂತ ಹೊಲ ಮುಗಿದ ಮೇಲೆ ಎಂದು ತಾಕೀತು ಮಾಡಿದ್ದೇನೆ.